ತಾಯಿ ಚಿಟ್ಟೆಯ ಪರೀಕ್ಷೆ

ನಿಮಗೆ ಬಂದಿದ್ದ ಕಾಯಿಲೆ ಯಾವುದು ಎಂದು ಯಾರಾದರೂ ಕೇಳಿದರೆ ಥಟ್ಟನೆ ಒಂದು ಹೆಸರು ಹೇಳುವ ಭಾಗ್ಯ ನನಗಿಲ್ಲ. ಸಕ್ಕರೆ ಕಾಯಿಲೆಯವರು ಹೇಳುತ್ತಾರೆ, ಥೈರಾಯ್ಡಿನವರು ಹೇಳುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನದು ಮೊದಲು ಗ್ಯಾಸ್ಟ್ರಿಕ್ ಆಗಿತ್ತು, ಆಮೇಲೆ ಕರುಳಿನ ಟಿಬಿ ಆಯಿತು, ಅದಾದ ಮೇಲೆ ಕ್ರೋನ್ಸ್ ಎಂಬ, ನಮ್ಮ ಅತ್ತೆಗೆ ಇವತ್ತಿಗೂ ಬಾಯಿ ತಿರುಗದ ಹೆಸರಿನದಾಯಿತು. ಕೈಯಲ್ಲಿ ರಿಪೋರ್ಟು ಹಿಡಿದುಕೊಂಡು, ಇದನ್ನು ನಂಬಲೋ ಬೇಡವೋ ಎಂದು ಆಸ್ಪತ್ರೆಯ ಕಬ್ಬಿಣದ ಕುರ್ಚಿಯ ಮೇಲೆ ಕೂತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಹೇಳಲಿಕ್ಕಲ್ಲ. ನನಗೂ ಅಷ್ಟು ಧೈರ್ಯ ಇರಲಿಲ್ಲ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಮೇಲೂರಿಗೆ ಹತ್ತಿರದ ಊರು. ಮನೆಯಲ್ಲಿ ಅತ್ತೆ, ಯಜಮಾನರು ನಾರಾಯಣಸ್ವಾಮಿ, ಒಂಬತ್ತನೇ ಕ್ಲಾಸಿನ ಮಗಳು ಕೀರ್ತನ, ಮತ್ತು ನಾನು, ಸುಜಾತ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ನಾನು ಚಾಕಿ ಸಾಕುತ್ತೇನೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಬಾಲವಾಡಿ ಎಂದುಕೊಳ್ಳಿ. ಮೊಟ್ಟೆ ತಂದು, ಮರಿ ಮಾಡಿಸಿ, ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಸ್ವಲ್ಪ ದೊಡ್ಡವಾದ ಮೇಲೆ ರೈತರಿಗೆ ಕೊಡುವುದು. ಆಮೇಲೆ ಅವರ ಮನೆಯಲ್ಲಿ ಹುಳು ಗೂಡು ಕಟ್ಟುವ ತನಕ ನನ್ನ ಹೆಸರು ಅವರ ಬಾಯಲ್ಲಿರುತ್ತದೆ. ಬೆಳೆ ಚೆನ್ನಾಗಿ ಬಂದರೆ ಅದು ಅವರ ಅದೃಷ್ಟ, ಹುಳು ಸತ್ತರೆ ಸುಜಾತಮ್ಮನ ಚಾಕಿ.

ಈ ಕಸುಬಿನಲ್ಲಿ ನಾವು ಎಲ್ಲಕ್ಕಿಂತ ಹೆದರುವುದು ಗಂಟು ರೋಗಕ್ಕೆ. ಅದು ತಾಯಿಯಿಂದಲೇ ಮೊಟ್ಟೆಗೆ ಇಳಿದು ಬರುತ್ತದೆ. ಆದ್ದರಿಂದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ರೋಗದ ಕಾಳು ಕಂಡರೆ ಮೊಟ್ಟೆಗಳು ಬೆಂಕಿಗೆ. ಇನ್ನೊಂದು ಸಲ ನೋಡೋಣ, ಇರಲಿ ಬಿಡಿ, ಅನುಮಾನ ಅಷ್ಟೇ ಅಲ್ಲವೇ ಎಂಬ ಮಾತೇ ಇಲ್ಲ. ನಾನು ತರಬೇತಿಗೆ ಹೋಗಿದ್ದಾಗ ಇದನ್ನು ಕಲಿತು ಬಂದು ಮಗಳಿಗೂ ಕಲಿಸಿದ್ದೆ. ಅವಳು ಚಾಕಿ ಕೋಣೆಯಲ್ಲೇ ಬೆಳೆದ ಹುಡುಗಿ, ಕೇಳಿದವರಿಗೆಲ್ಲ ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದಳು.

ನೋವು ಶುರುವಾದದ್ದು ಹೊಟ್ಟೆಯ ಬಲಗಡೆ, ಕೆಳಗೆ. ಊಟ ಮಾಡಿದ ಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಜೊತೆಗೆ ಭೇದಿ, ಸಾಯಂಕಾಲವಾದರೆ ಮೈ ಬೆಚ್ಚಗೆ. ನಮ್ಮೂರಿನ ಡಾಕ್ಟರು ಗ್ಯಾಸ್ಟ್ರಿಕ್ ಎಂದರು. ಈ ಸೀಮೆಯಲ್ಲಿ ಎದೆ ನೋವಿಗೂ ಗ್ಯಾಸ್ಟ್ರಿಕ್ಕೇ, ಗಂಡ ಹೆಂಡಿರ ಜಗಳಕ್ಕೂ ಗ್ಯಾಸ್ಟ್ರಿಕ್ಕೇ. ಅತ್ತೆ ಪಿತ್ತ ಎಂದು ಜೀರಿಗೆ ಕಷಾಯ ಕೊಟ್ಟರು, ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ರವಿಕೆಗಳು ಸಡಿಲವಾದವು. ಮದುವೆ ಮನೆಯೊಂದರಲ್ಲಿ ಚಿಂತಾಮಣಿಯ ನಮ್ಮ ನೆಂಟರ ಹೆಂಗಸು ನನ್ನ ಸೊಂಟ ನೋಡಿ, "ಅದೇನೇ ಸುಜಾತ, ಹಿಂಗ್ ಸಣ್ಣ ಆಗ್‌ಬಿಟ್ಟಿದೀಯ, ನಮಗೂ ಹೇಳ್ಕೊಡೇ ಆ ಡಯೆಟ್ಟು" ಎಂದಳು. ಹೇಳಿಕೊಡುವ ಮೊದಲೇ ನಾನು ಛತ್ರದ ಹಿಂದಿನ ಕಕ್ಕಸಿಗೆ ಓಡಬೇಕಾಯಿತು.

ಒಂದು ದಿನ ಟ್ರೇ ಎತ್ತುವಾಗ ಕಣ್ಣು ಕತ್ತಲೆ ಬಂದು ಹುಳುಗಳ ಸಮೇತ ಬಿದ್ದೆ. ಅವತ್ತು ಯಜಮಾನರು ಯಾರನ್ನೂ ಕೇಳದೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ದಪ್ಪವಾಗಿದೆ, ಬೆಂಗಳೂರಿಗೆ ಹೋಗಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಒಂದು ಪದ ಕೂತಿತ್ತು, ಅದನ್ನು ಇಬ್ಬರೂ ಬಾಯಿಗೆ ತರಲಿಲ್ಲ. ಅವರು ಕಿಟಕಿಯ ಕಡೆ ತಿರುಗಿಕೊಂಡು ಈ ವರ್ಷ ದ್ರಾಕ್ಷಿ ಹೇಗೆ ಬಂದಿದೆ ಎಂದು ಮಾತಾಡಿದರು. ಕಿಟಕಿಯ ಆಚೆ ದ್ರಾಕ್ಷಿ ತೋಟವೇ ಇರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹಿಂದಿನಿಂದ ಕ್ಯಾಮೆರಾ ಬಿಟ್ಟು ನೋಡಿದರು. ನೋಡುವುದು ಕಷ್ಟವಲ್ಲ, ಅದಕ್ಕೆ ಮೊದಲು ಹೊಟ್ಟೆ ತೊಳೆಯಲು ಕುಡಿಸುತ್ತಾರಲ್ಲ ಆ ಉಪ್ಪು ನಿಂಬೆ ನೀರು, ಅದನ್ನು ಕಂಡುಹಿಡಿದವರು ಸಿಕ್ಕರೆ ಎರಡು ಮಾತು ಕೇಳುವುದಿದೆ. ನನ್ನನ್ನು ನೋಡಿದ ಡಾಕ್ಟರಮ್ಮ ನನಗಿಂತ ಚಿಕ್ಕವರು. "ಕ್ಯಾನ್ಸರ್ ಅಲ್ಲ" ಎಂದು ಅವರು ಹೇಳಿದ ಕೂಡಲೇ ಯಜಮಾನರು ಕೈಮುಗಿದು, ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. "ಕರುಳಲ್ಲಿ ಹುಣ್ಣುಗಳಿವೆ. ಇದು ಟಿಬಿ ಇರಬಹುದು, ಕ್ರೋನ್ಸ್ ಅನ್ನೋ ಕಾಯಿಲೆನೂ ಇರಬಹುದು. ನೋಡೋಕೆ ಎರಡೂ ಅಕ್ಕ ತಂಗಿ ಥರ. ಆದ್ರೆ ಔಷಧಿ ಮಾತ್ರ ಒಂದಕ್ಕೊಂದು ವಿರುದ್ಧ. ಕ್ರೋನ್ಸ್‌ಗೆ ದೇಹದ ರೋಗ ತಡೆಯೋ ಶಕ್ತಿನ ತಗ್ಗಿಸೋ ಸ್ಟಿರಾಯ್ಡ್ ಮಾತ್ರೆ ಕೊಡ್ತೀವಿ. ಒಳಗೆ ಟಿಬಿ ಇದ್ದು ಅದನ್ನ ಕೊಟ್ಟರೆ, ಟಿಬಿ ಮೈಯೆಲ್ಲಾ ಹರಡುತ್ತೆ."

ಅತ್ತ ದರಿ, ಇತ್ತ ಪುಲಿ. ಯಾವುದೆಂದು ತಿಳಿಯಲು, ಕ್ಯಾಮೆರಾ ಬಿಟ್ಟಾಗ ತೆಗೆದ ಕರುಳಿನ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದಾರಂತೆ. ಟಿಬಿ ಬ್ಯಾಕ್ಟೀರಿಯಾಕ್ಕೇ ಸೇರಿದ ಒಂದು ಗುರುತು ಅದರ ಜೀನಿನಲ್ಲಿರುತ್ತದೆ, ಅದು ನನ್ನ ಚೂರಿನಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುವುದು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇಷ್ಟು ದಿನ ಇದನ್ನು ಬಿಟ್ಟು ಕಷಾಯ ಕುಡಿಸಿದರಲ್ಲ ಎಂದು ಅತ್ತೆಯ ಮೇಲೆ ಸಿಟ್ಟು ಬಂತು. ಅರೆದು ನೋಡುವುದು, ಗುರುತು ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಇದು ನನಗೆ ಅರ್ಥವಾಗುವ ಭಾಷೆ.

ರಿಪೋರ್ಟು ಪಾಸಿಟಿವ್ ಬಂತು.

"ಇದೊಂದನ್ನೇ ನೆಚ್ಚಿಕೊಳ್ಳೋಕಾಗಲ್ಲ" ಎಂದರು ಡಾಕ್ಟರಮ್ಮ. "ಈ ಟೆಸ್ಟ್ ಎರಡೂ ಕಡೆ ತಪ್ಪುತ್ತೆ. ಟಿಬಿ ಮಾತ್ರೆ ಶುರು ಮಾಡೋಣ, ಆಮೇಲೆ ಇನ್ನೊಂದ್ಸಲ ಒಳಗೆ ನೋಡಿ, ಹುಣ್ಣು ಒಣಗಿದ್ರೆ ನಂಬೋಣ." ಇದು ಅವರು ಹೇಳಿದ್ದು. ನಾನು ಕೇಳಿಸಿಕೊಂಡದ್ದು ಪಾಸಿಟಿವ್ ಎಂಬ ಒಂದೇ ಪದ.

ಮನೆಗೆ ಬಂದವಳೇ ನನ್ನ ಚಾಪೆ, ದಿಂಬು, ಹಳೆಯ ಎರಡು ಸೀರೆ ಹಿತ್ತಲಿಗೆ ಒಯ್ದು ಸುಟ್ಟೆ. ಮಲಗುವ ಕೋಣೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆದು ಸುಣ್ಣ ಚೆಲ್ಲಿದೆ. ಬೆಳೆ ಮುಗಿದ ಮೇಲೆ ಹುಳು ಮನೆಗೆ ಮಾಡುವುದನ್ನೇ ಮಾಡಿದೆ. ಕರುಳಿನ ಟಿಬಿ ಕೆಮ್ಮಿನ ಟಿಬಿಯ ಹಾಗೆ ಅಂಟುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಹೇಳಿದರೇನು, ಕೈ ಕೇಳಬೇಕಲ್ಲ. ಚಾಕಿ ಕೋಣೆಯ ಬಾಗಿಲು ದಾಟುವುದನ್ನು ನಾನಾಗಿಯೇ ಬಿಟ್ಟೆ. ಹೊರಗೆ ನಿಂತು ಯಜಮಾನರಿಗೆ ಸೊಪ್ಪು ಎಷ್ಟು ಹಾಕಬೇಕು ಎಂದು ಕೂಗುತ್ತಿದ್ದೆ. ಅವರು ತೋಟದ ಮನುಷ್ಯ, ಹಸುವಿಗೆ ಹಾಕಿದ ಹಾಗೆ ಹಾಕುತ್ತಿದ್ದರು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡಿದರು. "ಏಮಿ ಖರ್ಮಮ್ಮಾ ಇದಿ" ಎಂದರು. ತಳಮಳವಾದಾಗ ಅವರಿಗೆ ತವರಿನ ತೆಲುಗೇ ಬರುವುದು. ಆಮೇಲೆ ಗಟ್ಟಿಯಾಗಿ, "ಯಾರ್ ಕೇಳುದ್ರೂ ಗ್ಯಾಸ್ಟ್ರಿಕ್ ಅನ್ನು, ತಿಳೀತಾ? ಟಿಬಿ ಅಂದ್ರೆ ನಮ್ ಚಾಕಿ ಯಾವನೂ ಮುಟ್ಟಲ್ಲ" ಎಂದರು. ಆ ಮಾತು ನಿಜವೇ ಆಗಿತ್ತು. ಆಶಾ ಕಾರ್ಯಕರ್ತೆ ಮಾತ್ರೆ ಕೊಡಲು ಎರಡು ಸಲ ಮನೆಗೆ ಬಂದದ್ದೇ ಊರಿಗೆಲ್ಲ ತಿಳಿಯಲು ಸಾಕಾಯಿತು. ಮುಂದಿನ ಸರದಿಗೆ ನಮ್ಮ ಖಾಯಂ ರೈತರಲ್ಲಿ ಕೆಲವರು, ತೋಟದಲ್ಲಿ ಸೊಪ್ಪು ಇನ್ನೂ ಬಂದಿಲ್ಲ ಸುಜಾತಮ್ಮ ಎಂದು ಫೋನು ಮಾಡಿದರು. ಅವರ ತೋಟದಲ್ಲಿ ಸೊಪ್ಪು ಆಳೆತ್ತರ ನಿಂತದ್ದನ್ನು ಯಜಮಾನರು ಅದೇ ದಿನ ನೋಡಿ ಬಂದಿದ್ದರು.

ಟಿಬಿ ಮಾತ್ರೆ ನುಂಗಿದರೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ, ಅನ್ನದ ವಾಸನೆಗೇ ವಾಕರಿಕೆ. ಇದೆಲ್ಲವನ್ನೂ ನಾನು ಭಕ್ತಿಯಿಂದ ಸಹಿಸಿದೆ. ಮೊದಮೊದಲು ಸ್ವಲ್ಪ ಗುಣವೂ ಕಂಡಿತು. ಬೆಂಗಳೂರಿಗೆ ತೋರಿಸಲು ಹೋಗುವ ದಾರಿಯಲ್ಲಿ, ವಿಜಯಪುರ, ದೇವನಹಳ್ಳಿ, ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಚಿಲಕವಿದೆ, ಯಾವುದರಲ್ಲಿ ನೀರಿದೆ ಎಂದು ನನಗೆ ಬಾಯಿಪಾಠವಾಗಿತ್ತು. ಕರುಳಿನ ಕಾಯಿಲೆಯವರಿಗೆ ಊರೆಂದರೆ ಇಷ್ಟೇ.

ಅಲ್ಲಿ ಕಾಯುವ ಜಾಗದಲ್ಲಿ ಷಮೀಮ್ ಪರಿಚಯವಾದಳು. ಬುರ್ಖಾ ಹಾಕಿಕೊಂಡು ನನ್ನ ಪಕ್ಕ ಕೂತಿದ್ದವಳು, ನಾನು ಮೂರನೆಯ ಸಲ ಎದ್ದಾಗ, "ಎಡಗಡೆದಕ್ಕೆ ಹೋಗಿ ಅಮ್ಮಾ, ಬಲಗಡೆ ನೀರ್ ಬರಲ್ಲ" ಎಂದಳು. ಅಂಥ ಮಾತಾಡುವವರು ನಮ್ಮವರೇ. ವಾಪಸು ಬಂದು ಕೇಳಿದರೆ ಅವಳದು ಶಿಡ್ಲಘಟ್ಟ, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ.

"ಅರೆ, ನೀವು ಚಾಕಿಯವ್ರಾ! ನೀವ್ ಸಾಕಿದ್ ಹುಳ ಕಟ್ಟಿದ ಗೂಡು ನಮ್ಮನೇಲೇ ಬೆಂದಿರುತ್ತೆ ನೋಡಿ" ಎಂದು ನಕ್ಕಳು. ನಾನೂ ಬಹಳ ದಿನಗಳ ಮೇಲೆ ನಕ್ಕೆ. ಆಮೇಲೆ ನನ್ನ ರಿಪೋರ್ಟಿನ ವಿಷಯ ಹೇಳಿದೆ. ಅವಳ ನಗು ನಿಂತಿತು.

"ನಂದು ಪೂರಾ ಉಲ್ಟಾ. ಬೇರೆ ಕಡೆ ತೋರಿಸ್ತಾ ಇದ್ದೆ. ಅದೇ ಟೆಸ್ಟು ನಂಗೆ ನೆಗೆಟಿವ್ ಅಂತ ಬಂತು. ಟಿಬಿ ಇಲ್ಲ ಅಂತ ಸ್ಟಿರಾಯ್ಡ್ ಕೊಟ್ರು. ಹಸಿವಾಯ್ತು, ಮೈ ಬಂತು, ಖುಷಿಯಾಗೋಯ್ತು ನಂಗೆ. ಆಮೇಲೆ ಒಂದಿನ ಹೊಟ್ಟೆ ತುಂಬಾ ನೀರು. ಒಳಗೇ ಇತ್ತಮ್ಮಾ ಟಿಬಿ, ಟೆಸ್ಟಿಗೆ ಕಾಣ್ಲಿಲ್ಲ ಅಷ್ಟೇ. ಆಪರೇಷನ್ ಮಾಡುದ್ರು. ನಮ್ಮಮ್ಮ ಹೆಣಕ್ಕೆ ಹೊದಿಸೋ ಕಫನ್ ಬಟ್ಟೆ ತರಕ್ಕೆ ಹೇಳ್ಬಿಟ್ಟಿದ್ರು."

ಅವಳು ಇದನ್ನು ಹಾಲು ಕಾಯಿಸುವಾಗ ಉಕ್ಕಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ನಾನು ಮಾತ್ರ ಒಳಗೊಳಗೇ, ನನ್ನದು ಪಾಸಿಟಿವ್ ತಾನೇ, ನಾನು ಬಚಾವು ಎಂದುಕೊಂಡೆ. ಅವಳ ಕಷ್ಟ ಕೇಳಿ ನನ್ನ ಮನಸ್ಸು ಮೊದಲು ಮಾಡಿದ ಲೆಕ್ಕ ಅದು.

ಎರಡನೆಯ ಸಲ ಕ್ಯಾಮೆರಾ ಬಿಟ್ಟು ನೋಡಿದಾಗ ಹುಣ್ಣುಗಳು ಹಾಗೆಯೇ ಇದ್ದವು. ಒಂದೆರಡು ಹೊಸದಾಗಿಯೂ ಬಂದಿದ್ದವು. ಮತ್ತೆ ಕಳಿಸಿದ ಜೀನ್ ಪರೀಕ್ಷೆ ನೆಗೆಟಿವ್ ಬಂತು.

"ಮಾತ್ರೆಯಿಂದ ಹೋಗಿರಬಹುದಲ್ವಾ ಮೇಡಂ?" ಎಂದೆ. ನನಗೆ ನನ್ನ ಪಾಸಿಟಿವ್ ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಟಿಬಿ ಹೋಗಿದ್ರೆ ಹುಣ್ಣೂ ಒಣಗಬೇಕಿತ್ತು."

"ಹಂಗಾದ್ರೆ ಮೊದಲನೇದು ಸುಳ್ಳಾ?"

"ಸುಳ್ಳು ಅಂತಲ್ಲ ಸುಜಾತ ಅವರೇ. ಯಾವತ್ತೋ ಸತ್ತುಹೋದ ಬ್ಯಾಕ್ಟೀರಿಯಾದ ಚೂರಿದ್ರೂ ಗುರುತು ಸಿಗುತ್ತೆ. ಲ್ಯಾಬಲ್ಲಿ ಇನ್ನೊಬ್ಬರ ಸ್ಯಾಂಪಲ್‌ನಿಂದ ಒಂದು ಕಣ ಸೇರಿದ್ರೂ ಸಿಗುತ್ತೆ. ಗುರುತು ಸಿಕ್ತು ಅಂದ್ರೆ ಹುಣ್ಣು ಮಾಡಿರೋದೂ ಅದೇ ಅಂತ ಆಗಲ್ಲ. ಇದು ಕ್ರೋನ್ಸ್ ಅಂತ ನನ್ನ ಅಂದಾಜು. ಸ್ಟಿರಾಯ್ಡ್ ಶುರು ಮಾಡಬೇಕು."

ಕ್ರೋನ್ಸ್ ಯಾವ ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂದು ಯಜಮಾನರು ಕೇಳಿದರು. ಅವರಿಗೆ ಯಾರ ಮೇಲಾದರೂ ತಪ್ಪು ಹೊರಿಸಬೇಕಿತ್ತು. ದನಗಳ ಕರುಳಿಗೆ ಬರುವ ಟಿಬಿಯ ದಾಯಾದಿ ಬ್ಯಾಕ್ಟೀರಿಯಾ ಒಂದಿದೆ, ಅದರ ಗುರುತು ಕೆಲವು ಕ್ರೋನ್ಸ್ ರೋಗಿಗಳಲ್ಲಿ ಸಿಕ್ಕಿದೆ, ಆದರೆ ಕೆಲವರಲ್ಲಿ ಸಿಕ್ಕಿಲ್ಲ, ಏನೂ ಕಾಯಿಲೆಯಿಲ್ಲದವರಲ್ಲೂ ಸಿಕ್ಕಿದೆ, ಬೇರೆ ಬ್ಯಾಕ್ಟೀರಿಯಾಗಳಲ್ಲೂ ಅಂಥದೇ ಗುರುತು ಕಾಣುವುದುಂಟು, ಹಾಗಾಗಿ ಯಾರೂ ಒಪ್ಪಿ ಮುಗಿಸಿಲ್ಲ ಎಂದರು ಡಾಕ್ಟರಮ್ಮ.

"ಅಂದ್ರೆ ಆ ಗುರುತೂ ನೆಟ್ಟಗಿಲ್ಲ" ಎಂದರು ಯಜಮಾನರು. ಮನೆಗೆ ಬಂದು ಕೊಟ್ಟಿಗೆಯಲ್ಲಿದ್ದ ಹಸುವನ್ನು ಬಹಳ ಹೊತ್ತು ಅನುಮಾನದಿಂದ ನೋಡಿದರು. ಪಾಪ, ಅದು ಮೆಲುಕು ಹಾಕುತ್ತಿತ್ತು.

ನಾನು ಸ್ಟಿರಾಯ್ಡ್ ತೆಗೆದುಕೊಳ್ಳುವುದಿಲ್ಲ ಎಂದು ಹಠ ಹಿಡಿದೆ. ಕಣ್ಣು ಮುಚ್ಚಿದರೆ ಷಮೀಮ್‌ಳ ತಾಯಿ ಕಫನ್ ಬಟ್ಟೆ ತರಿಸುವುದು ಕಾಣುತ್ತಿತ್ತು. ಒಂದು ಪರೀಕ್ಷೆ ಇದೆ ಅನ್ನುತ್ತದೆ, ಒಂದು ಇಲ್ಲ ಅನ್ನುತ್ತದೆ. ಮೂರನೆಯದನ್ನು ಬೇರೆ ಲ್ಯಾಬಿನಲ್ಲಿ ಮಾಡಿಸಿ, ಅದು ಏನು ಹೇಳುತ್ತದೋ ನೋಡಿ ಆಮೇಲೆ ತೆಗೆದುಕೊಳ್ಳುತ್ತೇನೆ ಎಂದೆ. ಅದೂ ಹೀಗೇ ಒಂದು ಕಡೆ ವಾಲುತ್ತೆ, ಕಾಯೋಷ್ಟು ಸಮಯ ಇಲ್ಲ, ಕರುಳು ಕಿರಿದಾಗ್ತಿದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ನಾನು ಕೇಳಲಿಲ್ಲ. ಭೇದಿ ಮತ್ತೆ ಜೋರಾಯಿತು, ರಕ್ತವೂ ಕಾಣಿಸಿತು. ಅತ್ತೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬಂದರು, ಮನೆ ದೇವರಿಗೆ ಮುಡಿಪು ಕಟ್ಟಿದರು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರಲ್ಲ, ನಮ್ಮತ್ತೆ ಒಬ್ಬ ವೆಂಕಟರಮಣನನ್ನು ನಂಬಿ ಕೂರುವವರಲ್ಲ.

ಈ ಗಲಾಟೆಯಲ್ಲಿ ಮಗಳ ಕಡೆ ನಾನು ನೋಡಿರಲಿಲ್ಲ. ಸ್ಕೂಲಿನ ಪರೀಕ್ಷೆ ಹತ್ತಿರ ಬಂತು ಎಂದು ಅವಳು ಚಾಕಿ ಕೋಣೆಗೆ ಹೋಗುವುದನ್ನು ಬಿಟ್ಟಿದ್ದಳು, ಓದಲಿ ಎಂದುಕೊಂಡಿದ್ದೆ. ಡಬ್ಬಿಯಲ್ಲಿ ಅರ್ಧ ಊಟ ವಾಪಸು ಬರುತ್ತಿತ್ತು. ಪಕ್ಕದ ಮನೆಯವರು, "ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಇವ್ಳೂ ಕಡ್ಡಿ ಆಗ್ತಾವ್ಳೆ" ಎಂದು ತಮಾಷೆ ಮಾಡಿದಾಗ ಅವಳು ಎದ್ದು ಒಳಗೆ ಹೋದಳು. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದು, "ನಿನ್ ಮಗಳು ಮಾಡೋದ್ ನೋಡು ಬಾ" ಎಂದರು. ಹಿತ್ತಲಲ್ಲಿ ಕೀರ್ತನ ತನ್ನ ತಟ್ಟೆ ಲೋಟವನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದಳು. ಬೆರಳ ತುದಿಗಳ ಚರ್ಮ ಸುಲಿದಿತ್ತು.

"ಯಾಕಮ್ಮ ಹಿಂಗ್ ಮಾಡ್ತಾ ಇದೀಯ? ನನ್ ತಟ್ಟೆ ನಾನ್ ಬೇರೆ ಇಟ್ಕೊಂಡಿದೀನಲ್ಲ?"

"ಇದು ನಿನ್ನಿಂದ ಅಲ್ಲಮ್ಮ. ನನ್ನಿಂದ ಅಜ್ಜಿಗೆ ಬರಬಾರ್ದು ಅಂತ."

"ನಿನ್ನಿಂದಾನಾ? ನಿಂಗೇನಾಗಿದೆ?"

ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ತಾಯಿ ಚಿಟ್ಟೇಲಿ ಇದ್ರೆ ಮೊಟ್ಟೇಲೂ ಇರುತ್ತಲ್ಲ. ನೀನೇ ಹೇಳ್ಕೊಟ್ಟಿದ್ದು. ಮೊಟ್ಟೆನ ಯಾರೂ ಟೆಸ್ಟ್ ಮಾಡಲ್ಲ, ತಾಯಿನ ನೋಡುದ್ರೆ ಸಾಕು ಅಂತ. ನಿಂಗೆ ಪಾಸಿಟಿವ್ ಬಂತಲ್ಲಮ್ಮಾ."

ಎಷ್ಟು ತಿಂಗಳಿಂದ ಈ ಮಗು ತನ್ನನ್ನು ಬೆಂಕಿಗೆ ಹಾಕಬೇಕಾದ ಮೊಟ್ಟೆ ಎಂದುಕೊಂಡು ನಮ್ಮ ನಡುವೆ ಓಡಾಡುತ್ತಿತ್ತೋ. ನಾನು ಚಾಪೆ ಸುಡುವಾಗ ಅವಳು ಅಲ್ಲೇ ನಿಂತು ನೋಡಿದ್ದಳು. ಅವಳನ್ನು ಎಳೆದು ತಬ್ಬಿಕೊಂಡೆ. ಟಿಬಿ ಹಾಗೆಲ್ಲ ತಾಯಿಯಿಂದ ಇಳಿದು ಬರುವುದಿಲ್ಲ, ನನ್ನದು ಟಿಬಿಯೋ ಅಲ್ಲವೋ ಎಂದೇ ಗೊತ್ತಿಲ್ಲ, ನನ್ನ ಪರೀಕ್ಷೆಗೆ ನನ್ನ ಹೊಟ್ಟೆಯ ವಿಷಯವನ್ನೇ ನೆಟ್ಟಗೆ ಹೇಳಲಾಗಲಿಲ್ಲ, ನಿನ್ನದನ್ನು ಹೇಗೆ ಹೇಳುತ್ತೆ ಎಂದು ಏನೇನೋ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನ್ನಿಸಿತು, ನಾನು ಇವಳಿಗೆ ಹೇಳುತ್ತಿರುವುದನ್ನೇ ಡಾಕ್ಟರಮ್ಮ ನನಗೆ ಮೊದಲ ದಿನದಿಂದ ಹೇಳುತ್ತಿದ್ದಾರೆ. ಅತ್ತೆ ಆ ಬ್ಲೀಚಿಂಗ್ ನೀರನ್ನು ಎತ್ತಿ ಚರಂಡಿಗೆ ಸುರಿದು, "ಇಬ್ರಿಗೂ ಬುದ್ಧಿ ಇಲ್ಲ" ಎಂದು ಬೈದು, ಅವಳ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಆಮೇಲೆ ಅಡುಗೆಮನೆಯಲ್ಲಿ ಅವರು ಮೂಗು ಸೀಟುವುದು ಕೇಳಿಸಿತು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಹೋದೆ. ಡಾಕ್ಟರಮ್ಮನ ಬಾಯಿಂದಲೇ ಇಲ್ಲ ಎಂಬ ಮಾತು ಕೇಳಿಸಿಬಿಟ್ಟರೆ ಹುಡುಗಿ ನಿರಾಳವಾಗಿರುತ್ತಾಳೆ ಎಂಬ ಆಸೆ. ಕೀರ್ತನ ನೇರವಾಗಿ ಕೇಳಿದಳು. "ಮೇಡಂ, ನಂಗೂ ಬರುತ್ತಾ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಅವಳ ಕಡೆ ತಿರುಗಿ ಹೇಳಿದರು.

"ಟಿಬಿ ಅಂತ ಖಂಡಿತ ಇದ್ದಿದ್ರೆ, ಆ ಥರ ಬರಲ್ಲಮ್ಮ ಅಂತ ಹೇಳಿಬಿಡ್ತಿದ್ದೆ. ಕ್ರೋನ್ಸ್ ಅಂದ್ರೆ, ಮನೇಲಿ ಒಬ್ರಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಸ್ವಲ್ಪ ಅಷ್ಟೇ. ಬಹಳಷ್ಟು ಮಕ್ಕಳಿಗೆ ಬರೋದೇ ಇಲ್ಲ."

"ಟೆಸ್ಟ್ ಮಾಡಿ ಹೇಳಬಹುದಾ?"

"ಬರುತ್ತೆ, ಬರಲ್ಲ ಅಂತ ಖಚಿತವಾಗಿ ಹೇಳೋ ಟೆಸ್ಟ್ ಇಲ್ಲ ಪುಟ್ಟಿ."

ನಾನು ಆ ಡಾಕ್ಟರಮ್ಮನನ್ನು ಆ ಗಳಿಗೆಯಲ್ಲಿ ದ್ವೇಷಿಸಿದೆ. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಿತ್ತಲಲ್ಲಿ ನಾನು ಮಗಳಿಗೆ ಕೊಟ್ಟ ಸಮಾಧಾನವನ್ನು ಈ ಹೊಸ ಹೆಸರು ಕಿತ್ತುಕೊಂಡಿತು. ಆದರೆ ಕೀರ್ತನ ತಲೆ ಆಡಿಸಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಇಷ್ಟು ದಿನ ಅವಳ ತಲೆಯಲ್ಲಿ ಇದ್ದದ್ದು ಖಂಡಿತ ಇದೆ ಎಂಬುದು. ಈಗ ಸಿಕ್ಕಿದ್ದು ಗೊತ್ತಿಲ್ಲ ಎಂಬುದು. ಅವಳಿಗೆ ಅದು ಬಿಡುಗಡೆಯಾಗಿತ್ತು, ನನಗೆ ಹೊಸ ಸಂಕಟ. ಮೂರನೆಯ ಪರೀಕ್ಷೆಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಗೊತ್ತಿಲ್ಲ ಎಂಬುದನ್ನು ಹದಿನಾಲ್ಕರ ಹುಡುಗಿ ನುಂಗಿ ಕೂತಿರುವಾಗ, ಅವಳ ಪಕ್ಕದಲ್ಲಿ ಕೂತು ನನಗೆ ಖಚಿತವಾಗಿ ಹೇಳಿದರೆ ಮಾತ್ರ ಮಾತ್ರೆ ನುಂಗುತ್ತೇನೆ ಎನ್ನಲು ಬಾಯಿ ಬರಲಿಲ್ಲ. "ಕೊಡಿ ಮೇಡಂ" ಎಂದೆ.

ಸ್ಟಿರಾಯ್ಡಿನ ಮೊದಲ ವಾರಗಳಲ್ಲಿ ಪಟ್ಟಷ್ಟು ಭಯವನ್ನು ನಾನು ಹೆರಿಗೆಯಲ್ಲೂ ಪಟ್ಟಿಲ್ಲ. ಹಸಿವಾದರೆ ಭಯ, ಷಮೀಮ್‌ಗೂ ಮೊದಲು ಹಸಿವಾಗಿತ್ತಲ್ಲ. ಮೈ ಸ್ವಲ್ಪ ಬಿಸಿಯಾದರೆ ಹೊಟ್ಟೆ ಮುಟ್ಟಿ ನೀರು ತುಂಬಿದೆಯೇ ಎಂದು ನೋಡಿಕೊಳ್ಳುವುದು. ಷಮೀಮ್ ದಿನಾ ಫೋನು ಮಾಡುತ್ತಿದ್ದಳು. "ಹೊಟ್ಟೆ ಹೆಂಗಿದೆ? ಊದಿಲ್ಲ ತಾನೇ? ಸರಿ ಇಡ್ತೀನಿ" ಎಂದಷ್ಟೇ ಕೇಳಿ ಇಡುತ್ತಿದ್ದಳು. ಅವಳಿಗೂ ನನ್ನಷ್ಟೇ ಭಯವಿತ್ತು ಎಂದು ಆಮೇಲೆ ಹೇಳಿದಳು. ನೋವು ಇಳಿಯಿತು. ಭೇದಿ ನಿಂತಿತು. ಮುಖ ಪೂರಿಯ ಹಾಗೆ ಉಬ್ಬಿತು, ಕನ್ನಡಿ ನೋಡಿ ನಾನು ಅಳುವಾಗ ಅತ್ತೆ, "ಬಿಡೇ, ಈಗ್ಲಾದ್ರೂ ನೋಡಕ್ಕೆ ಲಕ್ಷಣವಾಗಿದೀಯ" ಎಂದರು. ಮತ್ತೆ ಕ್ಯಾಮೆರಾ ಬಿಟ್ಟಾಗ ಹುಣ್ಣುಗಳು ಒಣಗುತ್ತಿದ್ದವು. ಈಗ ಬೇರೆ ಮಾತ್ರೆ ನಡೆಯುತ್ತಿದೆ, ಬಹುಶಃ ಯಾವಾಗಲೂ ನಡೆಯುತ್ತದೆ. ಹಾಗಾದರೆ ಕ್ರೋನ್ಸೇ ಎಂದು ಖಾತ್ರಿಯಾಯಿತಲ್ಲ ಎಂದು ಕೇಳಿದೆ. "ನಿಮ್ಮ ಹೊಟ್ಟೆ ಹಾಗೆ ಹೇಳ್ತಿದೆ" ಎಂದರು ಡಾಕ್ಟರಮ್ಮ. ಅದಕ್ಕಿಂತ ಹೆಚ್ಚು ಅವರು ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಚಾಕಿ ಕೋಣೆಗೆ ಮತ್ತೆ ಹೋಗುತ್ತಿದ್ದೇನೆ. ಸೊಪ್ಪು ಬಂದಿಲ್ಲ ಎಂದಿದ್ದ ರೈತರಲ್ಲಿ ಬಹಳ ಜನ ವಾಪಸು ಬಂದಿದ್ದಾರೆ, ಕೆಲವರು ಬಂದಿಲ್ಲ. ಗ್ಯಾಸ್ಟ್ರಿಕ್ ಎನ್ನುವುದನ್ನು ನಾನು ನಿಲ್ಲಿಸಿದೆ. ಕೇಳಿದವರಿಗೆಲ್ಲ ಇದ್ದದ್ದನ್ನೇ ಹೇಳುತ್ತೇನೆ, ಅತ್ತೆ ಮಾತ್ರ ಸಾಕು ನಿಲ್ಲಿಸು ಎಂಬಂತೆ ಕೆಮ್ಮುತ್ತಾರೆ.

ಮೊನ್ನೆ ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದ ಕೀರ್ತನ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಳು. ನೋವು ಎಂದಳು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಒಲೆ ಆರಿಸಿ ಅವಳ ಪಕ್ಕ ಕೂತೆ. ಅವಳೇ, "ಮಧ್ಯದಲ್ಲಿ, ಬಲಗಡೆ ಅಲ್ಲ" ಎಂದಳು. ನಾನು ಕೇಳುವುದು ಏನೆಂದು ಅವಳಿಗೆ ಗೊತ್ತಿತ್ತು. ಹಿಂದಿನ ದಿನ ಗೆಳತಿಯರ ಜೊತೆ ಪಾನಿಪುರಿ ತಿಂದದ್ದನ್ನೂ ಹೇಳಿದಳು. ಅದೇ ಇರಬಹುದು. ಅದಲ್ಲದೆಯೂ ಇರಬಹುದು.

"ಡೌಟ್ ಇದ್ರೆ ನೀನು ಸುಟ್‌ಬಿಡ್ತೀಯಲ್ಲಮ್ಮ" ಎಂದಳು. ಅರ್ಧ ತಮಾಷೆ, ಅರ್ಧ ಅಲ್ಲ.

"ಅದು ಮೊಟ್ಟೆ ಕಣೇ. ಮಕ್ಕಳನ್ನ ಡೌಟಲ್ಲೇ ಸಾಕೋದು."

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು.

"ನಿನ್ನೂ ನಾವು ಹಂಗೇ ಸಾಕ್ತಾ ಇದೀವಲ್ಲ" ಎಂದು ಹೇಳಿ, ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದಳು.